ಸ್ಪಿತಿಗೆ ಅಡ್ಡ ಬಿದ್ದ ಕೋಡಿ

ಎರಡು ಗುಡ್ಡಗಳು ಹತ್ತಿರ ಬಂದು ಇನ್ನೇನು ತಾಗಬೇಕು ಅನ್ನುವಲ್ಲಿ ಮಾರಿಕಣಿವೆಯ ಅಣೆಕಟ್ಟು ಇದೆ. ಅದರ ಕೆಳಗೆ ನಮ್ಮ ಕ್ವಾರ್ಟರ್ಸ್. ಅಲ್ಲಿ ಮೊದಲು ಅಪ್ಪ ನೌಕರ, ಆಮೇಲೆ ನಾನು. ಹಿಂದೆ ಕಟ್ಟೆ, ಎಡಕ್ಕೆ ಗುಡ್ಡ, ಬಲಕ್ಕೆ ಗುಡ್ಡ. ಸೂರ್ಯ ಕೂಡ ನಮಗೆ ತಡವಾಗಿ ಬಂದು ಬೇಗ ಹೋಗಿಬಿಡುತ್ತಿದ್ದ. ನೋಡಲು ಬಂದವರೆಲ್ಲ “ಎಂಥಾ ಜಾಗ್ದಾಗ್ ಇದೀರಿ, ಪುಣ್ಯ ಮಾಡಿದ್ರಿ” ಎನ್ನುವರು. ಉಪ್ಪಿಟ್ಟು ಕಟ್ಟಿಕೊಂಡು ಬಂದು ಸಂಜೆಗೆ ಬಸ್ಸು ಹತ್ತುವವರಿಗೆ ಪುಣ್ಯವೇ. ತೂಬು, ಕಾಲುವೆ, ನೀರಿನ ಮಟ್ಟ, ಮತ್ತೆ ತೂಬು ಎಂದು ಅಲ್ಲಿಯೇ ತಲೆ ನರೆತವನನ್ನು ಯಾರೂ ಕೇಳಲಿಲ್ಲ.

ನನಗೆ ಹೊರಗೆ ಹೋಗುವ ದಾರಿ ಅಂತ ಇದ್ದದ್ದು ಸೈಕಲ್ ಒಂದೇ. ಅದರ ಹುಚ್ಚು ಹಿಡಿಸಿದವನು ದುರ್ಗದ ಗೆಳೆಯ. ಕೋಟೆ ಕೆಳಗಿನ ಬೀದಿಯಲ್ಲಿ ತಲೆತಲಾಂತರದಿಂದ ಇರುವ ಮುಸಲ್ಮಾನರ ಮನೆ ಅವನದು. ಹಿಂದಿನವರು ಕುದುರೆಗೆ ಲಾಳ ಹೊಡೆಯುತ್ತಿದ್ದರಂತೆ, ಆಮೇಲಿನವರು ಜಟಕಾ ಚಕ್ರ ಕಟ್ಟಿದರು, ಇವನು ಸೈಕಲ್ ಅಂಗಡಿ ಇಟ್ಟ. ಭಾನುವಾರ ರಜೆ ಸಿಕ್ಕರೆ ನಾನು ಹಿಂದಿನ ದಿನವೇ ಅಲ್ಲಿಗೆ ಹೋಗಿರುತ್ತಿದ್ದೆ, ಇಬ್ಬರೂ ದುರ್ಗದಿಂದ ಹೊರಟು ತಾಳ್ಯದ ಕಡೆ ಸುತ್ತಿ, ಹೊಳಲ್ಕೆರೆ, ಹೊಸದುರ್ಗ, ಮತ್ತೋಡು ದಾಟಿ ನಮ್ಮ ಕಣಿವೆಗೆ ಬಂದು ಊಟ ಮಾಡುತ್ತಿದ್ದೆವು. ಅವನು ಹಿರಿಯೂರಿನ ಮೇಲೆ ಮನೆಗೆ ಹೋಗುತ್ತಿದ್ದ. ನಾನು ಅವನ ಬೆನ್ನು ನೋಡುತ್ತ ಗೇಟಿನಲ್ಲಿ ನಿಲ್ಲುತ್ತಿದ್ದೆ.

ಹಿಮಾಲಯದ ಮಾತು ತೆಗೆದವನು ಅವನೇ. ಸಿಮ್ಲಾದಿಂದ ಹೊರಟು ಕಿನ್ನೌರ್, ಸ್ಪಿತಿ, ಕುಂಜುಂ ಪಾಸ್ ಎಂಬ ಎತ್ತರದ ಘಟ್ಟ ಏರಿ ಮನಾಲಿಗೆ ಇಳಿದು, ಜಲೋರಿ ಘಟ್ಟದ ಮೇಲೆ ಹಾದು ಮತ್ತೆ ಸಿಮ್ಲಾಕ್ಕೆ ಬಂದು ಸೇರುವ ಒಂದು ಸುತ್ತು. ಅಂಗಡಿಯ ನೆಲದ ಮೇಲೆ ನಕ್ಷೆ ಹಾಸಿ, ನಾಲ್ಕು ಮೂಲೆಗೂ ಹಳೆಯ ಚಕ್ರದ ನಡುವಿನ ಗುಂಬ ಇಟ್ಟು, ಒಂದು ವರ್ಷ ಜಗಳವಾಡಿದೆವು. ಅವನಿಗೆ ಮನಾಲಿಯಿಂದ ಶುರು ಮಾಡಿ ಮೊದಲೇ ದೊಡ್ಡ ಏರು ಮುಗಿಸುವ ಅವಸರ.

“ಲೇ, ಮೈಯಾಗ ಶಕ್ತಿ ಇದ್ದಾಗ್ಲೇ ಹತ್ತಿ ಬಿಡಾಣ.”

“ಗಾಳಿ ಸಾಲ್ದೆ ಅಲ್ಲೇ ಮಲಗ್ತೀಯ. ಸಟ್ಲೆಜ್ ಹೊಳೆ ಹಿಡ್ಕಂಡು ನಿಧಾನಕ್ಕೆ ಏರಿದ್ರೆ ಮೈಗೆ ಒಗ್ತೈತೆ.”

ನನ್ನ ಮಾತೇ ಗೆದ್ದಿತು. ಎಲ್ಲಿ ತಂಗುವುದು, ಎಲ್ಲಿ ಒಂದು ದಿನ ಸುಮ್ಮನೆ ಮಲಗಿ ಎತ್ತರಕ್ಕೆ ಹೊಂದಿಕೊಳ್ಳುವುದು, ಮಧ್ಯಾಹ್ನ ಹಿಮ ಕರಗಿ ರಸ್ತೆ ಮೇಲೆ ಹರಿಯುವ ತೊರೆಗಳನ್ನು ಬೆಳಿಗ್ಗೆಯೇ ಹೇಗೆ ದಾಟಿಕೊಳ್ಳುವುದು, ಎಲ್ಲವೂ ನನ್ನ ಜವಾಬ್ದಾರಿ. ಏರು ಹಗುರಾಗಲೆಂದು ಹಿಂದಿನ ಚಕ್ರಕ್ಕೆ ಚೈನು ಕೂರುವ ದೊಡ್ಡ ಹಲ್ಲುಬಿಲ್ಲೆ ಹಾಕುವುದು, ಬ್ರೇಕು ಬದಲಿಸುವುದು ಅವನದು. ತೆಳು ಗಾಳಿಯ ಅಭ್ಯಾಸ ದುರ್ಗದಲ್ಲಿ ಹೇಗೆ ಆಗಬೇಕು? ಅದಕ್ಕೂ ಅವನ ಹತ್ತಿರ ಮದ್ದಿತ್ತು. ಬಾಯಿ ಮೂಗಿಗೆ ಒದ್ದೆ ಟವೆಲ್ ಬಿಗಿದುಕೊಂಡು ಜೋಗಿಮಟ್ಟಿ ಗುಡ್ಡ ಹತ್ತುವುದು! ಹತ್ತಿದೆವು. ಮೇಲೆ ಅರಣ್ಯದ ಕಾವಲಿನವನು ಕೋಲು ಹಿಡಿದು ಅಡ್ಡ ನಿಂತ. “ಯಾರ್ರೀ ಅದು, ಮುಖ ಮುಚ್ಕಂಡು ಬಂದಿರೋದು?” ನಾವು ಟವೆಲ್ ಕಿತ್ತು ಏದುಸಿರು ಬಿಡುತ್ತ ಅವನ ಕಾಲ ಬುಡದಲ್ಲೇ ಕುಸಿದು ಕೂತೆವು.

ನನ್ನ ಹೆಂಡತಿ ಇದನ್ನೆಲ್ಲ ನೋಡಿ, “ಎತ್ತು ಏರಿಗೆ, ಕೋಣ ನೀರಿಗೆ. ನೀವಿಬ್ರೂ ಯಾವತ್ತು ಹೋಗ್ತೀರೋ ನಾ ಕಾಣೆ” ಎಂದು ನಗುತ್ತಿದ್ದಳು. ಆದರೆ ಆ ವರ್ಷ ಹೋಗಲೇಬೇಕಿತ್ತು. ನನ್ನ ಮಂಡಿಚಿಪ್ಪು ಸವೆದಿದೆ ಎಂದು ಹಿರಿಯೂರಿನ ಡಾಕ್ಟರು ಹೇಳಿದ್ದರು. “ಒಂದು ದೊಡ್ಡ ಆಸೆ ಇದ್ರೆ ಈ ವರ್ಷ ತೀರ್ಸ್ಕಳ್ರಿ. ಆಮೇಲೆ ಸೈಕಲ್ಲು ಗೋಡೆಗೆ ಒರಗಿಸ್ರಿ.” ನನಗೆ ಅದು ಅಪ್ಪಣೆಯ ಹಾಗೆ ಕೇಳಿಸಿತು. ಮುಂದಿನ ವರ್ಷ ಅನ್ನುವುದು ನನ್ನ ಪಾಲಿಗೆ ಇರಲಿಲ್ಲ.

ಕುಂಜುಂ ರಸ್ತೆಗೆ ಸೆಪ್ಟೆಂಬರ್ ಒಳ್ಳೆಯದು. ಮಳೆ ಹಿಂದಾಗಿರುತ್ತದೆ, ಹಿಮ ಇನ್ನೂ ಬಿದ್ದಿರುವುದಿಲ್ಲ. ರಜೆ ಕೇಳಲು ಹೋದಾಗ ಸಾಹೇಬರು, “ಮಳೆಗಾಲ್ದಾಗೆ ಇಷ್ಟು ದಿನ ಬಿಟ್ರೆ ಹೆಂಗಯ್ಯ, ನೀರು ಹೆಚ್ಚಾದ್ರೆ?” ಎಂದರು.

ಅದಕ್ಕೆ ನಾನು ಹೇಳಿದ ಮಾತು ನಮ್ಮ ಊರಿನವನಲ್ಲದೆ ಬೇರೆ ಯಾರೂ ಹೇಳುವುದಿಲ್ಲ. “ಕೋಡಿ ಬಿದ್ರೆ ರಜೆ ನಾನೇ ವಾಪಸ್ ಕೊಡ್ತೀನಿ ಬಿಡ್ರಿ ಸಾರ್.” ಸಾಹೇಬರು ನಕ್ಕರು, ಗುಮಾಸ್ತರು ನಕ್ಕರು, ಜವಾನನೂ ನಕ್ಕ. ಮಾರಿಕಣಿವೆ ತುಂಬಿ ಹೆಚ್ಚಿನ ನೀರು ಕೋಡಿಯ ಮೇಲೆ ಹರಿದದ್ದನ್ನು ನಮ್ಮಪ್ಪ ತನ್ನ ನೌಕರಿಯುದ್ದಕ್ಕೂ ಕಾಣದೆ ಸತ್ತ. ಕೊಡಲಾಗದ್ದನ್ನು, ಆಗದ್ದನ್ನು, ಮಾಡಲು ಮನಸ್ಸಿಲ್ಲದ್ದನ್ನು ನಾವು ಕೋಡಿಯ ಮೇಲೆ ಹಾಕಿ ಪಾರಾಗುತ್ತಿದ್ದೆವು. ಕೋಡಿಯ ಕಲ್ಲಿನ ಮೇಲೆ ಕುರಿ ಮೇಯುತ್ತಿದ್ದವು, ನಾನು ಅದರ ಇಳಿಜಾರಿನಲ್ಲೇ ಏರು ತುಳಿಯುವುದನ್ನು ರೂಢಿ ಮಾಡಿಕೊಂಡಿದ್ದೆ. ರಜೆ ಮಂಜೂರಾಯಿತು.

ಆ ವರ್ಷ ಮಳೆಗೆ ತಲೆ ಕೆಟ್ಟಿತ್ತು. ಹೊಳೆ ದಿನವೂ ಕೆಂಪಗೆ ಬಂದು ತುಂಬುತ್ತಿತ್ತು. ಬೆಳಿಗ್ಗೆ ನೀರಿನ ಮಟ್ಟದ ಕಲ್ಲು ನೋಡಲು ಹೋಗುವುದೆಂದರೆ ನನಗೆ ಮೈಯೆಲ್ಲ ಭಾರ. ಹಿರಿಯೂರಿನಿಂದ ಜನ ಫೋನು ಮಾಡಿ “ಎಷ್ಟು ಅಡಿ ಆತು?” ಎಂದು ಕುಣಿಯುವ ದನಿಯಲ್ಲಿ ಕೇಳುವರು. ಊರಿಗೆಲ್ಲ ಹಬ್ಬ. ಇಡೀ ಸೀಮೆಯಲ್ಲಿ ನೀರು ಇಳಿಯಲಿ ಎಂದು ದೇವರಿಗೆ ಕೈಮುಗಿದ ಪಾಪಿ ನಾನೊಬ್ಬನೇ. ಕುರಿ ಕಾದ ವಂಶದಲ್ಲಿ ಹುಟ್ಟಿ, ನೀರು ಕಾಯುವ ಅನ್ನ ಉಂಡು, ನೀರನ್ನು ಬೈದೆ. ಅದಕ್ಕೆ ನಾಚಿಕೆಯೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಹೊರಡುವ ವಾರ ಕೋಡಿ ಬಿತ್ತು. ಸಾಹೇಬರು ನನ್ನ ಮಾತನ್ನು ನೆನಪಿಸಲೂ ಇಲ್ಲ, ಪಾಪ. “ಎಲ್ರ ರಜೆನೂ ರದ್ದು” ಎಂದಷ್ಟೇ ಹೇಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೆಳೆಯನಿಗೆ ಫೋನು ಮಾಡಿ, “ನೀನು ಹೋಗು” ಎಂದೆ. ಅವನು ಒಂದು ಸಲವಾದರೂ ‘ನೀನಿಲ್ಲದೆ ಬೇಡ’ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು “ಆತು, ಹೋಗ್ ಬರ್ತೀನಿ” ಎಂದ. ಅವನದು ತಪ್ಪಲ್ಲ. ಆದರೂ ಆ ದಿನ ಅವನನ್ನು ದ್ವೇಷಿಸಿದೆ.

ಕೋಡಿಯ ಕೆಳಗೆ ಹೊಸದುರ್ಗದ ರಸ್ತೆ ಮುಳುಗಿತ್ತು. ನೋಡಲು ಜಾತ್ರೆಗಿಂತ ಹೆಚ್ಚು ಜನ. ನೀರಿಗೆ ಹೋಗದಂತೆ ಅವರನ್ನು ತಡೆಯಲು ಅಡ್ಡ ಹಗ್ಗ ಹಿಡಿದು ನಿಲ್ಲುವ ಕೆಲಸ ನನಗೆ ಬಿತ್ತು. ಹೊಸದುರ್ಗದಲ್ಲಿದ್ದ ತನ್ನ ಮಗಳ ಮನೆಯಿಂದ ರೈಲಿಗೆ ಹೊರಟ ಗೆಳೆಯ ನನ್ನನ್ನು ನೋಡಲೆಂದು ಆಚೆ ದಡಕ್ಕೆ ಬಂದ. ಸಾಮಾನು ಹೇರಿದ ಸೈಕಲ್ಲು, ತಲೆಗೆ ಹೊಸ ಟೋಪಿ. ನೀರಿನ ಆರ್ಭಟಕ್ಕೆ ಅವನು ಕೂಗಿದ್ದು ನನಗೆ ಕೇಳಲಿಲ್ಲ. ಕೈ ಎತ್ತಿ ಗುಡ್ಡದ ಮೇಲೆ ತೋರಿಸಿದ, ನನ್ನ ಕಡೆ ತೋರಿಸಿದ, ಏನೋ ಹೇಳಿದ. ನಾನೂ ಕೈ ಎತ್ತಬೇಕೆಂದುಕೊಂಡೆ. ಅಷ್ಟರಲ್ಲಿ ಜನ ಹಗ್ಗವನ್ನು ನೂಕಿದರು. “ಹಿಂದಕ್ ಸರೀರಿ, ಹಿಂದಕ್ ಸರೀರಿ!” ಎಂದು ಅರಚಿ ತಿರುಗಿ ನೋಡಿದರೆ ಅವನು ಏರು ತುಳಿಯುತ್ತಿದ್ದ. ಹಲ್ಲುಬಿಲ್ಲೆ ಚೆನ್ನಾಗಿ ಕೂತಿತ್ತು, ಹಗುರಾಗಿ ಹತ್ತುತ್ತಿದ್ದ.

ನನಗೆ ಅಳು ಬಂದುಬಿಟ್ಟಿತು. ನೀರಿಗೆ ಪೂಜೆ ಮಾಡಲು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಿದ್ದ ಮುದುಕಿಯೊಬ್ಬಳು ಪಕ್ಕದಲ್ಲಿ ನಿಂತಿದ್ದಳು. ನನ್ನ ಮುಖ ನೋಡಿ ಅವಳ ಕಣ್ಣೂ ತುಂಬಿದವು.

“ಅಳ್ರಪ್ಪ, ಅಳ್ರಿ. ಇಷ್ಟ್ ವರ್ಷ ಕಾದೋರು ನೀವು. ನಿಮ್ಗಲ್ದೆ ಇನ್ಯಾರ್ಗೈತೆ ಈ ಸಂತೋಷ?” ಎಂದು ನನ್ನ ಹಣೆಗೆ ದೊಡ್ಡದಾಗಿ ಕುಂಕುಮ ಇಟ್ಟಳು. ಕೈಯಲ್ಲಿ ಹಗ್ಗ ಇತ್ತು. ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.