ಎಫ್‌ಸಿಂಕ್ ಇರುವ ಜಾಗ

ಒಂದೂರಿನಲ್ಲಿ ಒಂದು ಅರಮನೆ, ಅರಮನೆಗೆ ಅರವತ್ತು ದೀಪ. ಸೂರ್ಯನಿಗಿಂತ ಮೊದಲೆದ್ದು ಅವನ್ನೆಲ್ಲ ಹಚ್ಚುವವನೊಬ್ಬನಿದ್ದನಂತೆ. ಹಚ್ಚಿ ಸುಮ್ಮನಿರಲಾರದೆ, ಬೆಳಕು ಎಲ್ಲಿಂದ ಬರುತ್ತದೆಂದು ಹುಡುಕುತ್ತ ಹೊರಡುತ್ತಿದ್ದನಂತೆ.

ಊರು ಬೆಂಗಳೂರಿನ ಜೆ.ಪಿ. ನಗರ. ಅರಮನೆಯೆಂದರೆ ಎಂಜಿನಿಯರಿಂಗ್ ಕಾಲೇಜೊಂದರ ಮೂರನೇ ಮಹಡಿಯ ಕಂಪ್ಯೂಟರ್ ಲ್ಯಾಬ್. ಬೆಳಿಗ್ಗೆ ಆರಕ್ಕೆ ಅಟೆಂಡರ್ ಕರೆಪ್ಪ ಒಂದೊಂದೇ ಸ್ವಿಚ್ ಒತ್ತುತ್ತ, ಕೀಬೋರ್ಡ್ ಒರೆಸುತ್ತ ಬರುತ್ತಾರೆ. ಅರವತ್ತನೆಯ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದು ಕೂರುತ್ತಾರೆ. ತರಗತಿ ಶುರುವಾಗುವವರೆಗಿನ ಹೊತ್ತು ಅವರದೇ.

ಬಾಗಲಕೋಟೆ ಕಡೆಯವರು, ಬಿಟಿಎಂನಲ್ಲಿ ಬಾಡಿಗೆಗಿದ್ದಾರೆ. ಪಿಯುಸಿಯಲ್ಲಿ ಇಂಗ್ಲಿಷ್ ಎರಡು ಸಲ ಕೈಕೊಟ್ಟಿತು. ಹನ್ನೊಂದು ವರ್ಷದ ಹಿಂದೆ ಮೇಷ್ಟ್ರೊಬ್ಬರು, "ಆ ಫಂಕ್ಷನ್ ಸಿ ಲೈಬ್ರರಿಯಲ್ಲಿ ಇರುತ್ತೆ ಬಿಡಿ" ಎಂದದ್ದು ಕಿವಿಗೆ ಬಿತ್ತು. ಪ್ರೋಗ್ರಾಮ್ ಬರೆಯುವವರೆಲ್ಲ ಬಳಸುವ, ಫಂಕ್ಷನ್ ಎಂಬ ಸಿದ್ಧ ಕೋಡ್ ತುಣುಕುಗಳ ಭಂಡಾರವದು.

"ಇರ್ತೈತಿ ಅಂದ್ರ ಎಲ್ಲ್ಯಾರ ಇರಬೇಕಲ್ರಿ? ಯಾರೋ ಕುಂತು ಬರ್ದಿರ್ತಾರ. ಓದೂನಂತ ಹೊಂಟೆ," ಎನ್ನುತ್ತಾರೆ. ಈವರೆಗೆ ಮುನ್ನೂರ ಹನ್ನೆರಡು ಫಂಕ್ಷನ್‌ಗಳ ಮೂಲ ಕೋಡ್ ಯಾವ ಫೈಲಿನ ಯಾವ ಸಾಲಿನಲ್ಲಿದೆಯೆಂದು ಪತ್ತೆಹಚ್ಚಿದ್ದಾರೆ. ವಿದ್ಯಾರ್ಥಿಗಳು ಗುಟ್ಟಾಗಿ ಬಂದು ಕೇಳಿಕೊಂಡು ಹೋಗುತ್ತಾರೆ.

ಹೋದ ವಾರ ಮಾತ್ರ ಎಡವಟ್ಟಾಯಿತು. ಕೊನೆಯ ವರ್ಷದ ವಿದ್ಯಾರ್ಥಿನಿ ಶ್ವೇತ, ವಸಂತಪುರದ ಅಪಾರ್ಟ್‌ಮೆಂಟ್ ಒಂದಕ್ಕೆ ನೀರಿನ ಟ್ಯಾಂಕಿನ ಮಟ್ಟ ದಾಖಲಿಸುವ ಪೆಟ್ಟಿಗೆ ಮಾಡಿದ್ದಾಳೆ. ಕರೆಂಟ್ ಹೋದರೂ ದಾಖಲೆ ಅಳಿಯದಂತೆ ಡಿಸ್ಕಿಗೆ ಸೇರಿಸುವುದು ಎಫ್‌ಸಿಂಕ್ ಎಂಬ ಫಂಕ್ಷನ್. ಅದು ಎಲ್ಲಿದೆಯೆಂದು ಕೇಳಿದವಳಿಗೆ ಕರೆಪ್ಪ ಲೈಬ್ರರಿಯಲ್ಲಿ ಆ ಹೆಸರಿನ ಮೊದಲ ಫೈಲನ್ನೇ ತೋರಿಸಿದರು. ಅದರಲ್ಲಿದ್ದದ್ದು ಬೆದರುಗೊಂಬೆ! ಈ ಸೌಲಭ್ಯವೇ ಇಲ್ಲದ ಯಂತ್ರಗಳಿಗೆಂದು ಇಟ್ಟ, 'ಆಗಲ್ಲ' ಎಂದಷ್ಟೇ ಉತ್ತರಿಸುವ ಕೋಡ್. "ಏನೂ ಮಾಡದ ಕೋಡ್ ನಿನ್ನ ಡೇಟಾ ಉಳಿಸುತ್ತೇನಮ್ಮಾ?" ಎಂದು, ಅದನ್ನೇ ತೋರಿಸಿದ ಅವಳನ್ನು ಪ್ರೊಫೆಸರ್ ಜಯಸಿಂಹ ವೈವಾ ಪರೀಕ್ಷೆಯಿಂದ ವಾಪಸ್ ಕಳಿಸಿದರು. ಇವತ್ತು ಹತ್ತು ಗಂಟೆಗೆ ಕೊನೆಯ ಅವಕಾಶ.

"ತಪ್ಪು ನಂದವಾ. ಖರೇ ಜಾಗಾ ತೋರಿಸೇ ಕೊಡ್ತೀನಿ" ಎಂದು ಕರೆಪ್ಪ ಮಾತು ಕೊಟ್ಟಿದ್ದಾರೆ.

"ಗೊಂಬಿ ಯಾವಾಗ್ಲೂ ಆಗಲ್ಲ ಅಂತೈತಿ. ಈಕೀ ಪ್ರೋಗ್ರಾಮಿಗೆ 'ಆತು' ಅಂತ ಉತ್ತರ ಬರಾಕತ್ತೈತಿ. ಅಂದ್ರ ಉತ್ತರ ಕೊಡಾವ್ರು ಬ್ಯಾರೆ," ಎಂದು ಬೆಳಿಗ್ಗೆಯೇ ಗೊಣಗುತ್ತ, ಅವಳ ಪೆಟ್ಟಿಗೆಯನ್ನು ನಡೆಸುವ ಲಿನಕ್ಸ್‌ಗೆಂದೇ ಲೈಬ್ರರಿಯಲ್ಲಿರುವ ಫೋಲ್ಡರ್ ಹೊಗುತ್ತಾರೆ. ಅಲ್ಲೊಂದು ಎಫ್‌ಸಿಂಕ್ ಸಿಗುತ್ತದೆ. ಅದೂ ತಾನೇ ಕೆಲಸ ಮಾಡುವುದಿಲ್ಲ, ಯಂತ್ರವನ್ನೆಲ್ಲ ಒಳಗಿಂದ ನಡೆಸುವ ತಿರುಳಾದ ಕರ್ನಲ್‌ಗೆ ದಾಟಿಸಿಬಿಡುತ್ತದೆ. ಕರ್ನಲ್‌ನೊಳಗೆ ಕರೆಪ್ಪ ಕಾಲಿಡುತ್ತಿರುವುದು ಇದೇ ಮೊದಲು. ಎಂಟೂ ಹತ್ತಕ್ಕೆ, ಫೈಲ್ ವ್ಯವಸ್ಥೆಯ ಫೋಲ್ಡರಿನ ಸಿಂಕ್.ಸಿ ಎಂಬ ಫೈಲಿನ ಮುಂದೆ ಅವರ ಬೆರಳು ನಿಲ್ಲುತ್ತದೆ. ಡಿಸ್ಕಿಗೆ ಬರೆಸುವ ಕೆಲಸ ನಿಜವಾಗಿ ಶುರುವಾಗುವುದು ಇಲ್ಲಿ.

ಅಷ್ಟರಲ್ಲಿ ಶ್ವೇತ ಓಡಿ ಬರುತ್ತಾಳೆ. "ಅಂಕಲ್, ಸಿಕ್ತಾ? ಮತ್ತೆ ಗೊಂಬೆ ಅಂದ್ರೆ ನಾನು ಇಲ್ಲೇ ಅತ್ತುಬಿಡ್ತೀನಿ!"

"ಅಳೂದು ಆಮ್ಯಾಲ. ನನ್ನ ಮಾತು ನಂಬಬ್ಯಾಡ, ನೀನಾ ಒಂದೊಂದು ಸಾಲು ಓದು."

ಒಂದೂವರೆ ಗಂಟೆ ಇಬ್ಬರೂ ಓದುತ್ತಾರೆ.

ಹತ್ತಕ್ಕೆ ಜಯಸಿಂಹ ಪೆಟ್ಟಿಗೆಯ ಪ್ಲಗ್ ಕೀಳುತ್ತಾರೆ, ಮತ್ತೆ ಸಿಕ್ಕಿಸುತ್ತಾರೆ. ಟ್ಯಾಂಕಿನ ಕೊನೆಯ ಮಟ್ಟ ಹಾಗೇ ಇದೆ. "ಸರಿ, ಇದನ್ನ ಉಳಿಸಿದ್ದು ಯಾರು, ತೋರಿಸು." ಶ್ವೇತ ಲೈಬ್ರರಿಯಿಂದ ಕರ್ನಲ್‌ವರೆಗೆ ತಡವರಿಸದೆ ನಡೆಸಿಕೊಂಡು ಹೋಗುತ್ತಾಳೆ. ಅವರು ಕನ್ನಡಕ ಮೇಲೇರಿಸಿ ಎರಡು ಸಲ ಓದಿ, ವರದಿಗೆ ಸಹಿ ಹಾಕಿ, ಬಾಗಿಲಲ್ಲಿ ನಿಂತವರತ್ತ ತಿರುಗುತ್ತಾರೆ.

"ಯಾವುದಾದ್ರೂ ಬ್ಲಾಗ್‌ನಲ್ಲಿ ಓದಿದ್ರೇನ್ರೀ ಕರೆಪ್ಪ?"

"ಇಲ್ರೀ ಸರ. ಖುದ್ದ ನಾನಾ ಹೋಗಿ ನೋಡಿ ಬಂದೇನಿ."