ಒಬ್ಬರ ದೋಣಿ, ಇಬ್ಬರ ದೋಣಿ

"ಹ್ವಾಯ್ ಟೀಚರೇ, ನಿಮ್ಮ್ ದೋಣಿ ಕೆಲ್ಸ ಶುರು ಮಾಡ್ತೆ. ಸೀಟ್ ಎರಡೇ ಅಲ್ದಾ?"

ಫೋನ್ ಮಾಡಿದ್ದು ನಾವುಂದದ ಗಣಪಣ್ಣ. ಫೈಬರ್ ದೋಣಿ ಮಾಡುವವರು. ನಾನು ಒಲೆ ಆರಿಸಿದೆ. ಮಳೆಗಾಲಕ್ಕೆ ಮೊದಲು ಅವರ ಶೆಡ್ಡಿಗೆ ಹೋಗಿ ಆರ್ಡರ್ ಕೊಟ್ಟವರು ನಾವಿಬ್ಬರು, ನಾನು ಮತ್ತು ನನ್ನ ಯಜಮಾನರು. ಆಮೇಲಿನ ಸುದ್ದಿ ಗಣಪಣ್ಣನಿಗೆ ಮುಟ್ಟಿರಲಿಲ್ಲ.

"ಇವ್ರ್ ತೀರ್ಕಂಡ್ರ್ ಗಣಪಣ್ಣ. ಎದೆನೋವ್ ಅಂದ್ರ್, ಆಸ್ಪತ್ರಿ ಮುಟ್ಲಿಲ್ಲೆ" ಅಂದೆ.

ಆ ಕಡೆ ಓಡುತ್ತಿದ್ದ ಯಾವುದೋ ಮೆಷಿನ್ನನ್ನು ಆಫ್ ಮಾಡಿದರು. ಆಮೇಲೆ ಮೆಲ್ಲಗೆ, "ಅಚ್ಚಿಗ್ ಫೈಬರ್ ಇನ್ನೂ ಹಾಕ್ಲಿಲ್ಲೆ. ಮಂಡಿಬೆಚ್ಚ ಮಾಡ್ಕಣ್ಬೇಡಿ. ಒಂದ್ಸಲ ಬನ್ನಿ, ನಿಮ್ಗ್ ಹ್ಯಾಂಗ್ ಬೇಕೋ ಹಾಂಗೆ ಮಾಡ್ವ" ಅಂದರು.

(ಈ ಅಂಕಣ ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿದ್ದಿರಲ್ಲ? ಕಾರಣ ಇದೇ. ಇಲ್ಲಿ ನಾನು ಎಷ್ಟೋ ಸಲ ಗೋಳು ಹೊಯ್ದುಕೊಂಡ ಆ ಮನುಷ್ಯ ಈಗಿಲ್ಲ.)

ಇವರು ಬ್ಯಾಂಕಿನಿಂದ ರಿಟೈರ್ ಆದ ಮೇಲೆ ನಮಗೆ ದೋಣಿಯ ಹುಚ್ಚು ಹತ್ತಿತ್ತು. ಭಾನುವಾರ ಬೆಳಿಗ್ಗೆ ಬ್ರಹ್ಮಾವರದ ಕಡೆ ಹೋಗಿ, ಹಿನ್ನೀರಿನಲ್ಲಿ ಬಾಡಿಗೆ ಕಯಾಕ್ ಹತ್ತುವುದು. ನಾನು ಮುಂದೆ, ಇವರು ಹಿಂದೆ. ಹಿಂದೆ ಕೂತವರದ್ದೇ ಸ್ಟೀರಿಂಗ್, ಹಾಗಾಗಿ ಜಗಳ ಗ್ಯಾರಂಟಿ. "ನೀರ್ ಚಿಮುಕ್ಸ್‌ಬೇಡ ಮಾರಾಯ್ತಿ, ಹುಟ್ಟ್ ಹಾಕ್!" ಎಂದು ಬೈಗುಳ. ಬಾಡಿಗೆ ದೋಣಿಯಲ್ಲಿ ನೆಮ್ಮದಿಯಾಗಿ ಜಗಳಾಡಲೂ ಆಗುವುದಿಲ್ಲ, ಟೈಮ್ ಮುಗಿಯುತ್ತದೆ. ಅದಕ್ಕೇ ಸ್ವಂತದ್ದು ಬೇಕು ಎಂದು ಹೊರಟಿದ್ದು.

ಒಬ್ಬರಾ, ಇಬ್ಬರಾ? ಈ ಪ್ರಶ್ನೆ ಈಗ ಎಲ್ಲಿ ಹೋದರೂ ಬೆನ್ನು ಬಿಡುವುದಿಲ್ಲ. ಕುಂದಾಪುರದ ಹೋಟೆಲಿಗೆ ಕಾಲಿಟ್ಟರೆ ಸಪ್ಲೈಯರ್, "ಒಬ್ರೇಯಾ?" ಅನ್ನುತ್ತಾನೆ. ಪಾಪ, ಅವನಿಗೆ ಟೇಬಲ್ಲಿನ ಚಿಂತೆ. ಮೊನ್ನೆ ಬಸ್ಸಿನಲ್ಲಿ ಅಭ್ಯಾಸಬಲದಿಂದ "ಎರಡು ತಲ್ಲೂರು" ಅಂದುಬಿಟ್ಟೆ. ಕಂಡಕ್ಟರ್ ನನ್ನ ಪಕ್ಕ ಕೂತಿದ್ದ ಅಪರಿಚಿತ ಹೆಂಗಸನ್ನು ನೋಡಿದ. ಆಕೆ ನನ್ನನ್ನು ನೋಡಿದರು. ಎರಡಕ್ಕೂ ದುಡ್ಡು ಕೊಟ್ಟೆ. ಎರಡೂ ಟಿಕೆಟ್ ಹಿಡಿದುಕೊಂಡು ಇಳಿದೆ.

ನಾದಿನಿಯಂತೂ ದೋಣಿಯ ಸುದ್ದಿ ಕೇಳಿ ಹೌಹಾರಿದಳು. "ಒಬ್ಳೇ ಹೊಳಿಗ್ ಹೋಪುದಾ ಅತ್ಗೆ? ನಿಮ್ಗ್ ಎಂತ ಮರ್ಲಾ? ಕ್ಯಾನ್ಸಲ್ ಮಾಡಿ." ಅಣ್ಣನನ್ನು ಕಳೆದುಕೊಂಡವಳು, ಅವಳ ಹೆದರಿಕೆ ಅವಳಿಗೆ. ಆದರೆ ಇವರು ಆಸೆಪಟ್ಟದ್ದನ್ನೂ ಇವರ ಜೊತೆಗೇ ಸುಟ್ಟುಬಿಡಬೇಕಾ? ನನ್ನಿಂದ ಆಗಲಿಲ್ಲ. ನಾವುಂದಕ್ಕೆ ಹೋದೆ.

ಗಣಪಣ್ಣ ಮೊದಲು ತೋರಿಸಿದ್ದು ಒಂಟಿ ಸೀಟಿನದ್ದು. ಹಗುರ, ಗಿಡ್ಡ, ಹೇಳಿದ ಮಾತು ಕೇಳುತ್ತದೆ. ನನ್ನ ವಯಸ್ಸಿಗೆ, ನನ್ನ ಸೊಂಟಕ್ಕೆ ಅದೇ ಸರಿ. ಆದರೆ ಅದರಲ್ಲಿ ಇನ್ನೊಬ್ಬರಿಗೆ ಜಾಗವೇ ಇಲ್ಲ. ಇವರನ್ನು ನಾನೇ ದಡದಲ್ಲಿ ಬಿಟ್ಟು ಹೊರಟ ಹಾಗೆ ಅನ್ನಿಸಿತು, ಬೇಡ ಅಂದೆ.

ನಾವು ಆರ್ಡರ್ ಕೊಟ್ಟಿದ್ದ ಎರಡು ಸೀಟಿನದ್ದಕ್ಕೆ ಬೇರೆಯೇ ರಗಳೆ. ಒಬ್ಬರೇ ಹಿಂದೆ ಕೂತರೆ ಮೂತಿ ಮೇಲೇಳುತ್ತದೆ, ಗಾಳಿ ಬಂದರೆ ಗಿರಗಿರ ತಿರುಗುತ್ತದೆ. ಮುಂದಿನ ಸೀಟಿಗೆ ಮರಳಿನ ಚೀಲ ಇಡಬೇಕಂತೆ.

"ಹಾಂಗಾರೆ ಇದನ್ನ್ ಕಾಣಿ" ಎಂದು ಮೂರನೆಯದರ ಹತ್ತಿರ ಕರೆದುಕೊಂಡು ಹೋದರು. ಕನೂ ಅಂತಾರಲ್ಲ, ಮೇಲ್ಗಡೆ ಪೂರ್ತಿ ತೆರೆದ ಉದ್ದನೆಯ ದೋಣಿ. ಎರಡೂ ತುದಿ ಒಂದೇ ನಮೂನೆ. ಯಾವ ಕಡೆಗೆ ಬೇಕಾದರೂ ಹೋಗುತ್ತದೆ.

"ಇಬ್ರ್ ಇದ್ರೆ ಮಾಮೂಲಿ ಕೂಕಣಿ. ಒಬ್ರೇ ಆರೆ ನಿಮ್ಮ್ ಮುಂದಿನ್ ಸೀಟಂಗೇ ಹಿಂದ್ ಮುಂದ್ ತಿರ್ಗಿ ಕೂಕಣಿ. ಆ ಸೀಟ್ ಮಧ್ಯಕ್ಕ್ ಹತ್ರ ಇತ್ತಲ್ದಾ, ಭಾರ ಸಮ ಆತ್ತ್."

ಶೆಡ್ಡಿನ ಹಿಂದೆಯೇ ಹೊಳೆ. ಯಾರಿಗೋ ಮಾಡಿಟ್ಟಿದ್ದ ಅಂಥದ್ದೇ ಒಂದನ್ನು ನೀರಿಗಿಳಿಸಿ ಹತ್ತಿಸಿದರು. ನನ್ನ ಸೀಟಿನಲ್ಲೇ ಉಲ್ಟಾ ಕೂತೆ. ಗಣಪಣ್ಣ ದೂಡಿದರು. ದೋಣಿ ನೆಟ್ಟಗೆ ಹೋಯಿತು. ಬೈಯುವವರು ಯಾರೂ ಇಲ್ಲ.

ಆಗ ಎದುರಿಗೆ ಕಂಡಿತು, ಇವರ ಸೀಟು.

ಅಷ್ಟೂ ಭಾನುವಾರ ಇವರು ಇದ್ದದ್ದು ನನ್ನ ಬೆನ್ನ ಹಿಂದೆ. ಬೈದದ್ದು, ನಕ್ಕದ್ದು, ಏದುಸಿರು ಬಿಟ್ಟದ್ದು ಎಲ್ಲ ಕಿವಿಯಲ್ಲಿ ಕೇಳಿದ್ದೇ ಹೊರತು ಕಂಡದ್ದಲ್ಲ. ಈಗ ಆ ಜಾಗ ಕಣ್ಣೆದುರಿಗಿದೆ, ಮನುಷ್ಯ ಇಲ್ಲ. ಹುಟ್ಟು ಮಡಿಲಲ್ಲಿಟ್ಟುಕೊಂಡು ಅತ್ತೆ. ಸಾವಿನ ಮನೆಯಲ್ಲಿ ಜನರ ಮುಂದೆ ಬಾರದ ಅಳು ಅಲ್ಲಿ ಬಂತು.

"ಟೀಚರೇ, ಸರಿ ಇತ್ತಾ?" ದಡದಿಂದ ಗಣಪಣ್ಣ ಕೂಗಿದರು.

"ಸರಿ ಇತ್ತ್. ಇದನ್ನೇ ಮಾಡಿ" ಅಂದೆ.

ದೋಣಿಯೇನೋ ಬರುತ್ತದೆ. ಆದರೆ ಹುಟ್ಟು ಹಾಕುವಾಗ ಇವರ ಮುಖ ಹೇಗಿರುತ್ತಿತ್ತು, ದಡದಲ್ಲಿ ನಿಂತು ನೋಡಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ನನಗೊಂದಿಷ್ಟು ಹೇಳುತ್ತೀರಾ?