ಗುರುವಾರ ಬನ್ನಿ ಅಂದರು

ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹೊಟ್ಟೆಗೆ ಬಳಿದಿದ್ದ ತಣ್ಣನೆಯ ಅಂಟನ್ನು ಒರೆಸಿಕೊಳ್ಳಲು ಚೂರು ಹತ್ತಿ ಕೊಟ್ಟರು. ಅದು ಸಾಲದೆ ಸೆರಗಿನಲ್ಲೇ ಒರೆಸಿಕೊಂಡೆ. ಎಡ ಮೊಲೆಯ ಗಂಟನ್ನು ಚುಚ್ಚಿ ನೋಡಿ, ಅದು ಕ್ಯಾನ್ಸರ್ ಅಂತ ಮೊದಲೇ ಹೇಳಿದ್ದರು. ಅದು ಲಿವರಿಗೆ ಹೋಗಿದೆಯೇ ಅನ್ನುವುದಷ್ಟೇ ಈಗ ಗೊತ್ತಾಗಬೇಕಿತ್ತು. ಹೋಗಿಲ್ಲವಾದರೆ ಆಪರೇಷನ್. ಹೋಗಿದ್ದರೆ ಆಪರೇಷನ್ ಮಾಡಿಯೂ ಫಲವಿಲ್ಲ. ನೋಡಿ ಹೇಳಬೇಕಾದ ದೊಡ್ಡ ಡಾಕ್ಟರು ಮದರಾಸಿಗೆ ಹೋಗಿದ್ದರು. ಗುರುವಾರ ಬನ್ನಿ ಅಂದರು.

ಸಿರುಮುಗೈಗೆ ವಾಪಸು ಬರುವಾಗ ನಮ್ಮ ಮನೆಯವರು ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ನನಗೆ ಬಿಟ್ಟುಕೊಟ್ಟರು. ಮದುವೆಯಾದಾಗಿನಿಂದ ಆ ಜಾಗ ಅವರದೇ. ಅದನ್ನು ಕಂಡು ನನಗೆ ಭಯವಾಯಿತು. ಆದರೆ ಆ ಭಯ ತುಡಿಯಲೂರು ದಾಟುವವರೆಗೂ ಉಳಿಯಲಿಲ್ಲ, ದಣಿವು ಅದನ್ನೂ ನುಂಗಿಬಿಟ್ಟಿತು. ಮಾತಾಡಲು, ಅಳಲು, ದೇವರನ್ನು ನೆನೆಯಲು ಏನಕ್ಕೂ ಕೈಲಾಗದಂಥ ದಣಿವು.

ಮನೆಯಲ್ಲಿ ನನಗೆ ಯಾವ ಕೆಲಸವೂ ಇಲ್ಲದಂತೆ ಮಾಡಿದ್ದರು. ರೇಷ್ಮೆ ಸೀರೆ ನೇಯುವ ಮನೆ ನಮ್ಮದು. ಮಗ್ಗಕ್ಕೆ ಕೂರಬೇಡ ಅಂದರು, ನೀರು ಸೇದಬೇಡ ಅಂದರು. ನೋಡಲು ಬಂದ ಬೀದಿಯ ಹೆಂಗಸರು ಗಂಟಿನ ಸುದ್ದಿ ಎತ್ತದೆ ನನ್ನ ಮುಖ ನೋಡಿ ಉಸಿರು ಬಿಡುತ್ತಿದ್ದರು. ಒಬ್ಬಾಕೆ ಇದೇ ಕಾಯಿಲೆಯಲ್ಲಿ ಹೋದ ತನ್ನ ಚಿಕ್ಕಮ್ಮನ ಕತೆ ಹೇಳುತ್ತಾ ತಾನೇ ಅಳತೊಡಗಿದಳು. ನಾನೇ ನೀರು ಕೊಟ್ಟು ಸಮಾಧಾನ ಮಾಡಿ ಕಳಿಸಬೇಕಾಯಿತು.

ಮನೆಯೊಳಗೆ ಆ ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆಸ್ಪತ್ರೆಯವರು ತಮಿಳಿನಲ್ಲಿ ಪುಟ್ರುನೋಯ್ ಅಂದಿದ್ದು ಅತ್ತೆಯ ಕಿವಿಗೆ ಬಿದ್ದಿತ್ತು. ಪುಟ್ರು ಅಂದರೆ ಹುತ್ತ. ನಾಗಪ್ಪನ ಕೋಪ ಇರಬೇಕು ಅಂತ ಅವರು ಊರಾಚೆಯ ಹುತ್ತಕ್ಕೆ ಹೋಗಿ ಹಾಲೆರೆದು ಬಂದರು. ನಾನು ಬೇಡ ಅನ್ನಲಿಲ್ಲ.

ಒಂದು ಮಧ್ಯಾಹ್ನ ಮನೆಯವರು ನೇಯ್ದ ಸೀರೆ ಕೊಡಲು ಹೋಗಿದ್ದರು. ಅತ್ತೆ ಹಿಂದೆ ಕೂತು ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಹಚ್ಚುತ್ತಾ ಹಚ್ಚುತ್ತಾ ಕೈ ನಿಂತಿತು.

"ಯಾಕೆ ನನ್ನ ಕಣ್ಣೇ, ಇಷ್ಟು ಸೋತು ಹೋಗಿದ್ದಿ? ಗಂಟು ಬಂದವರೆಲ್ಲ ಸತ್ತರಾ? ನನಗೂ ಅದೆ."

ತಿರುಗಿ ನೋಡಿದೆ. ಅತ್ತೆ ಸೆರಗು ಸರಿಸಿದರು. ಗಂಡ ತೀರಿದ ಮೇಲೆ ರವಿಕೆ ತೊಡುವುದನ್ನು ಬಿಟ್ಟವರು ಅವರು. ಬಲಗಡೆ ಚರ್ಮ ಒಳಗೆ ಸೆಳೆದು ಸುಕ್ಕಾಗಿತ್ತು. ಮುಟ್ಟಿದರೆ ಕಲ್ಲಿನಂತಿತ್ತು.

"ಯಾವಾಗಿಂದ ಅತ್ತೆ?"

"ನೀನು ಮದುವೆಯಾಗಿ ಬಂದ ಕಾಲದಿಂದ ಅನ್ನು. ನೋಡು, ಚೆನ್ನಾಗಿಲ್ವಾ ನಾನು? ಧೈರ್ಯಕ್ಕೆ ತೋರಿಸಿದೆ. ಅವನ ಹತ್ರ ಹೇಳಬೇಡ. ಮಗನ ಹತ್ರ ಇದನ್ನೆಲ್ಲ ಹೆಂಗೆ ಹೇಳೋದು?"

ಧೈರ್ಯ ಹೇಳಲು ತೋರಿಸಿದ್ದರು. ನಾನು ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ, ಆ ವಾರದಲ್ಲಿ ಮೊದಲ ಸಲ. ನಾನು ನನಗಾಗಿಯೇ ಅಳುತ್ತಿದ್ದೇನೆ ಅಂದುಕೊಂಡು ಅವರು ಬೆನ್ನು ಸವರಿದರು.

ಮನೆಯವರಿಗೆ ನಾನು ಹೇಳಿಬಿಟ್ಟೆ. ಅವರು ಮಗ್ಗ ನಿಲ್ಲಿಸಿ, "ನನ್ನ ಜತೆ ಅಂದರೆ ಅಮ್ಮ ತೋರಿಸೋಕೆ ಬರೋದಿಲ್ಲ. ನಿನಗೆ ತುಣೆ ಅಂತ ಕರಕೊಂಡು ಬಾ" ಅಂದರು. ನನಗೆ ಜೊತೆಗಿರಲು ಅಂತ ಹೇಳಿದ್ದಕ್ಕೇ ಅತ್ತೆ ಗುರುವಾರ ಬೆಳಿಗ್ಗೆ ಒಗೆದ ಸೀರೆಯುಟ್ಟು ಹೊರಟರು.

ದೊಡ್ಡ ಡಾಕ್ಟರು ಫಿಲಮ್ಮು ನೋಡಿ ನಮ್ಮ ಮನೆಯವರಿಗೆ ಇಂಗ್ಲಿಷು ಬೆರೆಸಿ ಹೇಳತೊಡಗಿದರು. ನಾನು ಎದ್ದು ನಿಂತು, ನನಗೆ ಹೇಳಿ ಅಂತ ತಮಿಳಿನಲ್ಲಿ ಕೇಳಿದೆ. ಅವರು ನನ್ನ ಕಡೆ ತಿರುಗಿದರು. ಲಿವರಿನಲ್ಲಿ ಏನೂ ಇಲ್ಲ. ಮೊಲೆ ಪೂರ್ತಿ ತೆಗೆಯಬೇಕು, ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಇಡಬೇಕು. ಆ ಕೈಗೆ ಮೊದಲಿನ ಬಲ ಬರಲಿಕ್ಕಿಲ್ಲ. ಸಂತೋಷವಾಗಬೇಕಿತ್ತು. ಆದರೆ ಎಲ್ಲಾದರೂ ಮಲಗಿದರೆ ಸಾಕು ಅನ್ನಿಸಿತು.

"ಮಾಡಿ," ಅಂದೆ. "ಅದಕ್ಕೆ ಮುಂಚೆ ನಮ್ಮ ಅತ್ತೆಯನ್ನೂ ಸ್ವಲ್ಪ ನೋಡಿ."

ಅತ್ತೆ ನನ್ನನ್ನು ನೋಡಿದ ನೋಟ ಮರೆಯಲಾರೆ. ನರ್ಸಮ್ಮ ಪರದೆಯ ಹಿಂದೆ ಕರೆದಾಗ ಕುರ್ಚಿ ಹಿಡಿದು ಕೂತೇಬಿಟ್ಟರು. "ಮೊದಲು ಇವಳದು ಆಗಲಿ" ಅಂದರು. ನಾನು ಕೈ ಹಿಡಿದು ಒಳಗೆ ಹೋದೆ. ನೋಡಿದ ಮೇಲೆ ಡಾಕ್ಟರು, ಈ ವಯಸ್ಸಿಗೆ ಕತ್ತಿ ಬೇಡ, ಬಹಳ ನಿಧಾನವಾಗಿ ಬೆಳೆಯುವ ಜಾತಿ ಇದು, ಮಾತ್ರೆ ಕೊಡುತ್ತೇನೆ ಅಂದರು.

ಬಸ್‌ಸ್ಟ್ಯಾಂಡಿನವರೆಗೂ ಅತ್ತೆ ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದರು. ಬಸ್ಸು ಹತ್ತಿದ ಮೇಲೆ, "ಮಾನ ತೆಗೆದೆಯಲ್ಲ ಅಮ್ಮಣಿ" ಅಂದರು. ತುಡಿಯಲೂರು ದಾಟಿದ ಮೇಲೆ, "ಮಾತ್ರೆ ಉಂಡ ಮೇಲೋ, ಮುಂಚೆಯೋ?" ಅಂತ ಕೇಳಿದರು.

ನನಗೆ ಆಪರೇಷನ್ ಆಯಿತು. ಕರೆಂಟಿನಿಂದ ಎದೆ ಕಪ್ಪಾಗಿ ಸುಟ್ಟು, ಅನ್ನದ ವಾಸನೆಗೇ ಹೊಟ್ಟೆ ತೊಳೆಸುತ್ತಿದ್ದ ದಿನಗಳಲ್ಲಿ ಅತ್ತೆಯೇ ಗಂಜಿ ಕಾಸಿ ಕುಡಿಸಿದರು. ನಾನು ಉಳಿದೆ. ಎಡಗೈ ಊದಿಯೇ ಇದೆ. ಅತ್ತೆ ಇನ್ನೂ ಕೆಲವು ವರ್ಷ ಇದ್ದರು. ಕೊನೆಯ ತಿಂಗಳುಗಳಲ್ಲಿ ಗಂಟು ಒಡೆದಾಗ ಮಗನನ್ನು ಹೊರಗೆ ಕಳಿಸಿ, ಕದ ಹಾಕಿಸಿ, ನನ್ನೊಬ್ಬಳ ಕೈಯಲ್ಲೇ ಗಾಯ ತೊಳೆಸಿಕೊಳ್ಳುತ್ತಿದ್ದರು.